ಹಿಮ್ಮಡಿಯಲ್ಲಿ ಎಲುಬು ಬೆಳೆದಿದೆಯಂತೆ, ಆಪರೇಷನ್ ಬೇಕಾ?

ಪ್ರಶ್ನೆ: ನನಗೆ 47 ವರ್ಷ. ಹಾಸನದಲ್ಲಿ ಹೈಸ್ಕೂಲ್ ಟೀಚರ್. ಐದು ತಿಂಗಳಿಂದ ಬಲಗಾಲಿನ ಹಿಮ್ಮಡಿ ನೋವು. ಬೆಳಿಗ್ಗೆ ಎದ್ದು ಕಾಲೂರಿದರೆ ಮೊಳೆ ಚುಚ್ಚಿದ ಹಾಗಾಗುತ್ತದೆ. ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗುತ್ತೇನೆ. ಹತ್ತು ನಿಮಿಷ ಓಡಾಡಿದರೆ ಕಡಿಮೆಯಾಗುತ್ತದೆ, ಸಂಜೆ ಶಾಲೆಯಿಂದ ಬರುವಷ್ಟರಲ್ಲಿ ಮತ್ತೆ ಶುರು. ಎಕ್ಸ್‌ರೇಯಲ್ಲಿ ಎಲುಬು ಮುಳ್ಳಿನ ಹಾಗೆ ಬೆಳೆದಿದೆ, ಪ್ಲಾಂಟರ್ ಫ್ಯಾಸಿಯೈಟಿಸ್ ಎಂದರು. ಒಂದು ಇಂಜೆಕ್ಷನ್ ಕೊಟ್ಟರು. ಒಂದು ತಿಂಗಳು ಆರಾಮಾಗಿದ್ದೆ, ಆಮೇಲೆ ಮತ್ತೆ ಬಂತು. ಈಗ ಇನ್ನೊಂದು ಇಂಜೆಕ್ಷನ್, ಅದಕ್ಕೂ ಬಗ್ಗದಿದ್ದರೆ ಆಪರೇಷನ್ ಅನ್ನುತ್ತಿದ್ದಾರೆ. ಅತ್ತೆ ದಿನಾ ಎಕ್ಕದ ಎಲೆಯ ಶಾಖ ಕೊಡುತ್ತಾರೆ. ಶುಗರ್ ಬಾರ್ಡರ್‌ನಲ್ಲಿದೆ. ಪ್ರತಿ ಶಿವರಾತ್ರಿಗೆ ಧರ್ಮಸ್ಥಳಕ್ಕೆ ನಡೆದು ಹೋಗುವ ಹರಕೆ ಇದೆ, ಇನ್ನು ನಾಲ್ಕೇ ತಿಂಗಳು. ಹೋಗಬಹುದಾ? ಅಲ್ಲಿಯವರೆಗೆ ಪೂರ್ತಿ ರೆಸ್ಟ್ ತೆಗೆದುಕೊಳ್ಳಲಾ?

ಉತ್ತರ: ಮೇಡಂ, ಮೊದಲು ಆ ಎಕ್ಸ್‌ರೇ ಫಿಲಂ ಅನ್ನು ಕವರಿಗೆ ಹಾಕಿ ಬೀರುವಿನಲ್ಲಿಡಿ. ಅದನ್ನು ನೋಡಿದಾಗಲೆಲ್ಲ ನಿಮ್ಮ ಭಯ ಜಾಸ್ತಿಯಾಗುತ್ತದೆ. ಅದರಲ್ಲಿ ಕಾಣುವ ಮುಳ್ಳು ನಿಮ್ಮನ್ನು ಚುಚ್ಚುತ್ತಿಲ್ಲ.

ನನ್ನ ಬಳಿ ಫಿಸಿಯೋಥೆರಪಿಗೆ ಬರುವವರಲ್ಲಿ ಅರ್ಧ ಜನ ಈ ಮುಳ್ಳಿನ ಮಾತಿನಿಂದಲೇ ಶುರು ಮಾಡುತ್ತಾರೆ. ಚಿತ್ರ ನೋಡಿದರೆ ಹಾಗೆ ಅನ್ನಿಸುವುದು ಸಹಜ. ಹಿಮ್ಮಡಿಯ ಮೂಳೆಯಿಂದ ಒಂದು ಚೂಪು ಕೊಂಡಿ ಮುಂದಕ್ಕೆ ಚಾಚಿಕೊಂಡಿರುತ್ತದೆ, ನೋವೂ ಅಲ್ಲೇ ಇರುತ್ತದೆ. ಆದರೆ ಯಾವ ನೋವೂ ಇಲ್ಲದವರ ಕಾಲಿನ ಎಕ್ಸ್‌ರೇ ತೆಗೆದರೂ ಎಷ್ಟೋ ಜನರಲ್ಲಿ ಇದೇ ಮುಳ್ಳು ಸಿಗುತ್ತದೆ. ವಿಪರೀತ ಹಿಮ್ಮಡಿ ನೋವಿದ್ದೂ ಮುಳ್ಳೇ ಇಲ್ಲದವರು ಬೇಕಾದಷ್ಟಿದ್ದಾರೆ. ನೋವು ಪೂರ್ತಿ ವಾಸಿಯಾದ ಮೇಲೂ ಮುಳ್ಳು ಇದ್ದಲ್ಲೇ ಇರುತ್ತದೆ. ಅದು ನಡೆಯುವ ದಿಕ್ಕಿಗೆ, ಮುಂದಕ್ಕೆ ಬೆಳೆಯುತ್ತದೆಯೇ ಹೊರತು ನೆಲದ ಕಡೆಗೆ ಬೆಳೆಯುವುದಿಲ್ಲ. ಹಾಗಾಗಿ ಅದನ್ನು ಕತ್ತರಿಸುವ ಪ್ರಶ್ನೆಯೇ ಸದ್ಯಕ್ಕೆ ಬೇಡ.

ಹಾಗಾದರೆ ನೋಯುತ್ತಿರುವುದು ಏನು? ಹಿಮ್ಮಡಿಯ ಮೂಳೆಯಿಂದ ಹೊರಟು ಐದೂ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಒಂದು ದಪ್ಪ ಪಟ್ಟಿ ಇದೆ. ಇದೇ ಪ್ಲಾಂಟರ್ ಫ್ಯಾಸಿಯಾ. ಕುರ್ಚಿಯಲ್ಲಿ ಕೂತು ನಿಮ್ಮ ಕಾಲಿನ ಹೆಬ್ಬೆರಳನ್ನು ಕೈಯಿಂದ ಮೇಲಕ್ಕೆ ಬಗ್ಗಿಸಿ, ಇನ್ನೊಂದು ಕೈಯಲ್ಲಿ ಅಂಗಾಲು ಮುಟ್ಟಿ ನೋಡಿ. ತಂತಿಯ ಹಾಗೆ ಬಿಗಿಯಾಗಿ ಸಿಗುತ್ತದಲ್ವಾ? ಅದೇ ಇದು. ಪ್ರತಿ ಹೆಜ್ಜೆಯಲ್ಲೂ ಹಿಮ್ಮಡಿ ಎತ್ತಿ ಬೆರಳಿನ ಮೇಲೆ ಭಾರ ಬಿಟ್ಟಾಗ ಈ ಪಟ್ಟಿ ಬೆರಳಿನ ಬುಡಕ್ಕೆ ಸುತ್ತಿಕೊಂಡು ಬಿಗಿಯಾಗುತ್ತದೆ. ಹಡಗಿನ ಲಂಗರಿನ ಹಗ್ಗವನ್ನು ಉರುಳೆಗೆ ಸುತ್ತಿ ಬಿಗಿ ಮಾಡುತ್ತಾರಲ್ಲ, ಹಾಗೆ. ಆಗ ಪಾದದ ಕಮಾನು ಮೇಲೆದ್ದು ಗಟ್ಟಿಯಾಗುತ್ತದೆ, ಮುಂದಕ್ಕೆ ತಳ್ಳಲು ಬಲ ಸಿಗುತ್ತದೆ. 1954ರಲ್ಲಿ ಹಿಕ್ಸ್ ಎಂಬ ಬ್ರಿಟಿಷ್ ವೈದ್ಯರು ಇದನ್ನು ವಿವರಿಸಿದರು. ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣ ಇದೆ. ಮುಂದೆ ನಾನು ಹೇಳುವ ಎರಡು ವ್ಯಾಯಾಮಗಳೂ ಈ ಬೆರಳು ಬಗ್ಗಿಸುವ ಗುಟ್ಟಿನ ಮೇಲೇ ನಿಂತಿವೆ.

ಈ ಪಟ್ಟಿ ಹಿಮ್ಮಡಿಗೆ ಅಂಟಿಕೊಳ್ಳುವ ಒಳಬದಿಯ ಜಾಗದಲ್ಲಿ ತಾಳುವುದಕ್ಕಿಂತ ಜಾಸ್ತಿ ಭಾರ ಬೀಳುತ್ತಾ ಹೋದರೆ ಅದರ ಎಳೆಗಳು ಕೆಡುತ್ತವೆ, ಪಟ್ಟಿ ದಪ್ಪಗಾಗುತ್ತದೆ. ಸ್ಕ್ಯಾನಿಂಗ್‌ನಲ್ಲಿ ಸಾಮಾನ್ಯವಾಗಿ 4 ಮಿಲಿಮೀಟರ್‌ಗಿಂತ ತೆಳ್ಳಗೆ ಕಾಣುವ ಪಟ್ಟಿ ಇಂಥವರಲ್ಲಿ ಅದಕ್ಕಿಂತ ದಪ್ಪ ಇರುತ್ತದೆ. ಹೆಸರಿನಲ್ಲಿ 'ಐಟಿಸ್' ಇರುವುದರಿಂದ ಇದು ಉರಿಯೂತ ಎಂದೇ ಬಹಳ ಕಾಲ ನಂಬಿದ್ದೆವು. 2003ರಲ್ಲಿ ಅಮೆರಿಕದಲ್ಲಿ ಆಪರೇಷನ್ ಆದ 50 ಜನರ ಪಟ್ಟಿಯ ತುಣುಕುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಸಿಕ್ಕಿದ್ದು ಸವೆದು ಹದಗೆಟ್ಟ ಎಳೆಗಳು, ಉರಿಯೂತದ ಗುರುತು ಸಿಗಲಿಲ್ಲ. ಉರಿಯೂತ ಇಳಿಸುವ ಆ ಇಂಜೆಕ್ಷನ್‌ನಿಂದ ನಿಮ್ಮ ನೋವು ಒಂದು ತಿಂಗಳು ಅಡಗಿ ಮತ್ತೆ ಎದ್ದದ್ದು ಏಕೆ ಎಂದು ಈಗ ಅರ್ಥವಾಗಬಹುದು. ನೋವು ಅಡಗಿತು. ಪಟ್ಟಿ ಮಾತ್ರ ಹಾಗೇ ಉಳಿಯಿತು. ಆ ಒಂದು ತಿಂಗಳು ನೀವು ಅದೇ ಚಪ್ಪಲಿಯಲ್ಲಿ, ಅದೇ ನೆಲದ ಮೇಲೆ, ಅಷ್ಟೇ ಹೊತ್ತು ನಿಂತಿರಿ.

ಬೆಳಗಿನ ಮೊದಲ ಹೆಜ್ಜೆಯೇ ಅಷ್ಟು ನೋಯುವುದೇಕೆ ಎಂದರೆ, ಮಲಗಿದಾಗ ಪಾದ ತಾನಾಗಿ ಕೆಳಮುಖವಾಗಿ ಚಾಚಿಕೊಂಡಿರುತ್ತದೆ. ರಾತ್ರಿಯಿಡೀ ಪಟ್ಟಿ, ಮೀನಖಂಡ ಎರಡೂ ಮುದುಡಿಕೊಂಡೇ ಇರುತ್ತವೆ. ಬೆಳಿಗ್ಗೆ ಒಮ್ಮೆಲೇ ಮೈಭಾರವೆಲ್ಲ ಹಾಕಿ ಎಳೆದರೆ ಕೆಟ್ಟಿರುವ ಜಾಗ ಕೂಗುತ್ತದೆ. ಬಸ್ಸಿನಲ್ಲಿ ಒಂದು ಗಂಟೆ ಕೂತು ಎದ್ದಾಗಲೂ ಹೀಗೇ ಆಗುತ್ತಿರಬೇಕು. ಈ ಲಕ್ಷಣ ಕೇಳಿಯೇ ಕಾಯಿಲೆ ಗುರುತು ಹಿಡಿಯಬಹುದು, ಎಕ್ಸ್‌ರೇ ಎಷ್ಟೋ ಸಲ ಬೇಕಾಗುವುದೇ ಇಲ್ಲ.

ನಿಮಗೇ ಏಕೆ ಬಂತು? ಸುಮಾರು ಹತ್ತರಲ್ಲಿ ಒಬ್ಬರಿಗೆ ಜೀವನದಲ್ಲಿ ಒಂದಲ್ಲ ಒಂದು ಸಲ ಬರುವ ನೋವು ಇದು. 40ರಿಂದ 60 ವರ್ಷದೊಳಗೆ ಜಾಸ್ತಿ. ದಿನವಿಡೀ ನಿಂತು ಕೆಲಸ ಮಾಡುವವರು, ತೂಕ ಹೆಚ್ಚಿರುವವರು, ಮೀನಖಂಡ ಬಿಗಿಯಾಗಿ ಪಾದವನ್ನು ಮೇಲಕ್ಕೆ ಬಗ್ಗಿಸಲಾಗದವರು ಇದಕ್ಕೆ ಸುಲಭವಾಗಿ ಸಿಕ್ಕಿಬೀಳುತ್ತಾರೆ. ಟೀಚರ್‌ಗಳು, ಬಸ್ ಕಂಡಕ್ಟರ್‌ಗಳು, ನರ್ಸ್‌ಗಳು, ಹೋಟೆಲ್ ಅಡುಗೆಯವರು, ಗಾರ್ಮೆಂಟ್ಸ್‌ನಲ್ಲಿ ನಿಂತು ಕೆಲಸ ಮಾಡುವ ಹೆಣ್ಣುಮಕ್ಕಳು, ಇವರನ್ನೇ ನಾನು ಹೆಚ್ಚು ನೋಡುವುದು. ಜೊತೆಗೆ ನಮ್ಮ ಮನೆಗಳ ನೆಲ. ಮೊದಲು ಸಗಣಿ ಸಾರಿಸಿದ ಮಣ್ಣಿನ ನೆಲವಿತ್ತು. ಈಗ ಗ್ರಾನೈಟ್, ವಿಟ್ರಿಫೈಡ್ ಟೈಲ್ಸ್. ಬೆಳಿಗ್ಗೆ ಐದಕ್ಕೆ ಎದ್ದು ಆ ಕಲ್ಲಿನ ಮೇಲೆ ಬರಿಗಾಲಲ್ಲಿ ಎರಡು ಗಂಟೆ ಅಡುಗೆ, ಆಮೇಲೆ ಶಾಲೆಯಲ್ಲಿ ಆರು ಪೀರಿಯಡ್, ಸಂಜೆ ಬಂದು ಮತ್ತೆ ಅದೇ ಕಲ್ಲು. ಹಿಮ್ಮಡಿಗೆ ಬಿಡುವೇ ಇಲ್ಲ.

ಈಗ ನಿಮ್ಮ ರೆಸ್ಟ್ ಪ್ರಶ್ನೆ. ಪೂರ್ತಿ ರೆಸ್ಟ್ ಬೇಡ. ಕೆಲಸ ಶುರು ಮಾಡಿದ ಮೊದಮೊದಲ ವರ್ಷಗಳಲ್ಲಿ ನಾನೂ ಬಹಳ ಜನರಿಗೆ 'ಕಾಲೂರಬೇಡಿ, ಮಲಗಿರಿ' ಎಂದಿದ್ದೆ. ಮೂರು ವಾರ ಮಲಗಿ ಎದ್ದವರಿಗೆ ಮೊದಲ ದಿನವೇ ನೋವು ಮರಳುತ್ತಿತ್ತು. ಕೆಲಸ ತಪ್ಪಿಸಿದ ಪಟ್ಟಿ ಇನ್ನಷ್ಟು ಸೊರಗುತ್ತದೆ, ಅಷ್ಟೇ. ಅದಕ್ಕೆ ಬೇಕಾದದ್ದು ತಾಳುವಷ್ಟು ಭಾರ, ಮತ್ತು ವಾರವಾರವೂ ಸ್ವಲ್ಪ ಹೆಚ್ಚುವ ಭಾರ. ಹಾಗಾಗಿ ಸದ್ಯಕ್ಕೆ ಬೆಳಗಿನ ವಾಕಿಂಗ್ ಅನ್ನು ಅರ್ಧಕ್ಕೆ ಇಳಿಸಿ. ಓಟ, ಹಗ್ಗದಾಟ, ಬರಿಗಾಲ ನಡಿಗೆ ನಿಲ್ಲಿಸಿ. ಉಳಿದ ಓಡಾಟ ಇರಲಿ.

ಮೊದಲ ವ್ಯಾಯಾಮ ಹಾಸಿಗೆ ಬಿಟ್ಟು ಇಳಿಯುವ ಮುಂಚೆ. ಮಂಚದ ಅಂಚಿನಲ್ಲಿ ಕೂತು, ನೋವಿರುವ ಕಾಲನ್ನು ಇನ್ನೊಂದು ತೊಡೆಯ ಮೇಲೆ ಅಡ್ಡ ಇಟ್ಟುಕೊಳ್ಳಿ. ಐದೂ ಬೆರಳನ್ನು ಬುಡದಲ್ಲಿ ಹಿಡಿದು ಮೊಣಕಾಲಿನ ಕಡೆಗೆ ಎಳೆಯಿರಿ. ಇನ್ನೊಂದು ಕೈಯ ಹೆಬ್ಬೆರಳಿನಿಂದ ಅಂಗಾಲು ಮುಟ್ಟಿ, ಆ ತಂತಿ ಬಿಗಿಯಾಗಿದೆಯೇ ನೋಡಿಕೊಳ್ಳಿ. ಹತ್ತು ಎಣಿಸುವವರೆಗೆ ಹಿಡಿಯಿರಿ, ಬಿಡಿ. ಹೀಗೆ ಹತ್ತು ಸಲ. ದಿನಕ್ಕೆ ಮೂರು ಹೊತ್ತು. ಬೆಳಗಿನದು ಮಾತ್ರ ಯಾವ ಕಾರಣಕ್ಕೂ ತಪ್ಪಬಾರದು, ಕಾಲು ನೆಲ ಮುಟ್ಟುವ ಮೊದಲೇ ಆಗಬೇಕು. ಮಧ್ಯಾಹ್ನದ್ದನ್ನು ಸ್ಟಾಫ್ ರೂಮಿನಲ್ಲಿ ಊಟ ಮುಗಿಸಿ ಏಳುವ ಮುಂಚೆ ಮಾಡಿ. 2003ರಲ್ಲಿ ಅಮೆರಿಕದಲ್ಲಿ ಬಹುದಿನದ ಹಿಮ್ಮಡಿ ನೋವಿದ್ದ 101 ಜನರನ್ನು ಎರಡು ಗುಂಪು ಮಾಡಿ ನೋಡಿದ್ದರು. ಎಂಟು ವಾರದಲ್ಲಿ, ಬರೀ ಮೀನಖಂಡ ಹಿಗ್ಗಿಸಿದವರಿಗಿಂತ ಹೀಗೆ ಬೆರಳು ಎಳೆದು ಅಂಗಾಲು ಹಿಗ್ಗಿಸಿದವರಿಗೆ ಹೆಚ್ಚು ಗುಣ ಕಂಡಿತ್ತು. ಮೀನಖಂಡವನ್ನೂ ಬಿಡಬೇಡಿ. ಗೋಡೆಗೆ ಎರಡೂ ಕೈ ಊರಿ, ನೋವಿರುವ ಕಾಲನ್ನು ಹಿಂದಿಟ್ಟು, ಹಿಮ್ಮಡಿ ನೆಲಕ್ಕೆ ಒತ್ತಿ, ಮೊಣಕಾಲು ನೇರ ಇಟ್ಟು ಮುಂದಕ್ಕೆ ವಾಲಿ. ಅರ್ಧ ನಿಮಿಷದಂತೆ ಮೂರು ಸಲ.

ಎರಡನೆಯದು ಮುಖ್ಯವಾದದ್ದು, ಮತ್ತು ಎಲ್ಲರೂ ಅರ್ಧಕ್ಕೆ ಬಿಡುವುದೂ ಇದನ್ನೇ. ಮೆಟ್ಟಿಲ ಅಂಚಿನಲ್ಲಿ ಪಾದದ ಮುಂಭಾಗ ಮಾತ್ರ ಊರಿ ನಿಲ್ಲಿ, ಕಂಬಿ ಅಥವಾ ಗೋಡೆ ಹಿಡಿದಿರಿ. ಒಂದು ಟವೆಲ್ ಸುತ್ತಿ ಬೆರಳುಗಳ ಕೆಳಗಿಡಿ, ಆಗ ಬೆರಳು ಮೇಲಕ್ಕೆ ಬಗ್ಗಿ ಪಟ್ಟಿ ಬಿಗಿಯಾಗುತ್ತದೆ. ಈಗ ಮೂರು ಎಣಿಸುತ್ತಾ ಹಿಮ್ಮಡಿ ಎತ್ತಿ. ಮೇಲೆ ಎರಡು ಎಣಿಸುವವರೆಗೆ ನಿಲ್ಲಿ. ಮೂರು ಎಣಿಸುತ್ತಾ ನಿಧಾನಕ್ಕೆ ಇಳಿಸಿ. ದಿನ ಬಿಟ್ಟು ದಿನ ಮಾತ್ರ. ನಡುವಿನ ದಿನ ಪಟ್ಟಿ ರಿಪೇರಿಯಾಗಲು ಬೇಕು. ನೀವು ಮೊದಲ ಎರಡು ವಾರ ಸಮತಟ್ಟು ನೆಲದ ಮೇಲೆ, ಎರಡೂ ಕಾಲಿನಲ್ಲಿ, ಹನ್ನೆರಡರಂತೆ ಮೂರು ಸುತ್ತು ಮಾಡಿ. ಅದು ಸಲೀಸಾದ ಮೇಲೆ ಮೆಟ್ಟಿಲಿಗೆ ಹೋಗಿ, ಆಮೇಲೆ ನೋವಿರುವ ಒಂದೇ ಕಾಲಿನಲ್ಲಿ. ಅದೂ ಹಗುರ ಅನ್ನಿಸಿದ ದಿನ ಬೆನ್ನಿಗೆ ಒಂದು ಬ್ಯಾಗ್ ಹಾಕಿ, ಒಳಗೆ ಪುಸ್ತಕ ತುಂಬಿ. ಭಾರ ಹೆಚ್ಚಿದಂತೆ ಹನ್ನೆರಡನ್ನು ಹತ್ತಕ್ಕೆ, ಎಂಟಕ್ಕೆ ಇಳಿಸಿ, ಸುತ್ತುಗಳನ್ನು ನಾಲ್ಕು, ಐದಕ್ಕೆ ಏರಿಸಿ. ಡೆನ್ಮಾರ್ಕ್‌ನಲ್ಲಿ 48 ರೋಗಿಗಳ ಮೇಲೆ ಈ ಕ್ರಮವನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದರು. ಮೂರು ತಿಂಗಳಿಗೆ ಇದನ್ನು ಮಾಡಿದವರು ಬರೀ ಹಿಗ್ಗಿಸುವ ವ್ಯಾಯಾಮ ಮಾಡಿದವರಿಗಿಂತ ಸಾಕಷ್ಟು ಮುಂದಿದ್ದರು. ವರ್ಷ ಕಳೆಯುವಷ್ಟರಲ್ಲಿ ಎರಡೂ ಗುಂಪು ಸಮವಾಗಿದ್ದವು. ಅಂದರೆ ಎರಡೂ ದಾರಿ ಊರು ಮುಟ್ಟಿಸುತ್ತವೆ, ಇದು ಸ್ವಲ್ಪ ಬೇಗ. ನಿಮಗೆ ಶಿವರಾತ್ರಿಯ ಗಡುವು ಇರುವುದರಿಂದ ಎರಡನ್ನೂ ಮಾಡಿ ಎನ್ನುತ್ತೇನೆ.

ಮಾಡುವಾಗ ನೋಯುತ್ತದೆ. ಹೆದರಬೇಡಿ. ಹತ್ತಕ್ಕೆ ಮೂರು ನಾಲ್ಕರಷ್ಟು ನೋವು ಪರವಾಗಿಲ್ಲ, ಮರುದಿನ ಬೆಳಗಿನ ನೋವು ಎಂದಿಗಿಂತ ಹೆಚ್ಚಾಗಿರಬಾರದು. ಹೆಚ್ಚಾದರೆ ಹಿಂದಿನ ಹಗುರ ಹಂತಕ್ಕೆ ಇಳಿಯಿರಿ, ಪೂರ್ತಿ ನಿಲ್ಲಿಸಬೇಡಿ. ಗೋಡೆಯ ಕ್ಯಾಲೆಂಡರ್‌ನಲ್ಲಿ ದಿನಾ ಬೆಳಗಿನ ನೋವಿಗೆ ಹತ್ತಕ್ಕೆ ಎಷ್ಟು ಎಂದು ಒಂದು ಅಂಕಿ ಬರೆಯಿರಿ. ನೀವು ಟೀಚರ್, ಮಾರ್ಕ್ಸ್ ಹಾಕುವುದು ನಿಮಗೆ ಹೇಳಿಕೊಡಬೇಕಾಗಿಲ್ಲ. ಮೊದಲ ಮೂರು ವಾರ ಆ ಅಂಕಿಗಳಲ್ಲಿ ಏನೂ ಬದಲಾವಣೆ ಕಾಣದೇ ಇರಬಹುದು. ಬಹಳ ಜನ ಸೋತು ಬಿಡುವುದು ಆ ಮೂರನೇ ವಾರದಲ್ಲಿ. ಈ ನೋವು ದಿನದ ಲೆಕ್ಕದಲ್ಲಿ ಇಳಿಯುವುದಿಲ್ಲ, ತಿಂಗಳ ಲೆಕ್ಕದಲ್ಲಿ ಇಳಿಯುತ್ತದೆ. ನೂರರಲ್ಲಿ ಎಂಬತ್ತು, ತೊಂಬತ್ತು ಜನ ಆಪರೇಷನ್ ಇಲ್ಲದೆಯೇ ಒಂದು ವರ್ಷದೊಳಗೆ ಚೇತರಿಸಿಕೊಳ್ಳುತ್ತಾರೆ. ನಿಮಗೆ ಐದು ತಿಂಗಳಾಗಿದೆ, ಅದರಲ್ಲಿ ಪಟ್ಟಿಗೆ ಶಕ್ತಿ ಕೊಡುವ ಕೆಲಸ ಒಂದು ದಿನವೂ ನಡೆದಿಲ್ಲ. ಹಾಗಾಗಿ 'ಎಲ್ಲ ಮಾಡಿ ನೋಡಿದೆ' ಎಂದು ನಿರಾಸೆ ಪಡುವ ಹಂತಕ್ಕೆ ನೀವು ಬಂದೇ ಇಲ್ಲ.

ಚಪ್ಪಲಿಗೆ ಬರೋಣ. ಮಂಚದ ಪಕ್ಕದಲ್ಲೇ ಒಂದು ಜೊತೆ ಇರಲಿ, ಮನೆಯೊಳಗೆ ಮಾತ್ರ ಹಾಕಿಕೊಳ್ಳುವುದು. ಅಡುಗೆಮನೆಗೆ ಚಪ್ಪಲಿ ಹಾಕಿಕೊಂಡು ಹೋಗಲು ಅತ್ತೆಯವರಿಗೆ ಇಷ್ಟ ಇರಲಿಕ್ಕಿಲ್ಲ, ನನಗೆ ಅರ್ಥವಾಗುತ್ತದೆ. ಹೊರಗೆ ಮೆಟ್ಟದ, ತೊಳೆದಿಟ್ಟ ಹೊಸ ಜೊತೆ ಎಂದು ಅವರನ್ನು ಕೂರಿಸಿಕೊಂಡು ಹೇಳಿ. ಅದೂ ಆಗದಿದ್ದರೆ ಒಲೆಯ ಮುಂದೆ ನೀವು ನಿಲ್ಲುವ ಜಾಗಕ್ಕೆ ದಪ್ಪ ರಬ್ಬರ್ ಮ್ಯಾಟ್ ಹಾಕಿ. ದೇವರ ಮನೆಯಲ್ಲಿ ಮಣೆಯ ಮೇಲೆ ಕೂತೇ ಪೂಜೆ ಮಾಡಿ. ಮನೆಗೆ ಎಂಸಿಆರ್ ಚಪ್ಪಲಿ, ಅಂದರೆ ಮೆತ್ತನೆಯ ರಬ್ಬರ್‌ನದು, ಸಾಕು, ಮೆಡಿಕಲ್ ಶಾಪ್‌ಗಳಲ್ಲಿ ಸಿಗುತ್ತದೆ.

ಶಾಲೆಗೆ ತೆಳ್ಳಗಿನ, ಚಪ್ಪಟೆ ಚಪ್ಪಲಿ ಬೇಡ. ಪೂರ್ತಿ ಚಪ್ಪಟೆಯಾದದ್ದಕ್ಕಿಂತ ಹಿಮ್ಮಡಿ ಎರಡು ಸೆಂಟಿಮೀಟರ್‌ನಷ್ಟು ಎತ್ತರ ಇರುವುದು ಒಳ್ಳೆಯದು. ಅಂಗಡಿಯಲ್ಲೇ ಪರೀಕ್ಷೆ ಮಾಡಿ. ಬಟ್ಟೆ ಹಿಂಡಿದ ಹಾಗೆ ತಿರುಚಿ, ಸುಲಭವಾಗಿ ತಿರುಚಿದರೆ ಬೇಡ. ಬಗ್ಗಿಸಿ, ಬೆರಳಿನ ಹತ್ತಿರ ಬಗ್ಗಬೇಕು, ನಡುವಿನಲ್ಲಿ ಮಡಚಬಾರದು. ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಆದರೆ ಸೀರೆಗೂ ಹೊಂದುತ್ತದೆ. ಶೂ ಹಾಕುತ್ತೀರಾದರೆ ಒಳಗೆ ರೆಡಿಮೇಡ್ ಇನ್‌ಸೋಲ್ ಹಾಕಿ. ಪಾದದ ಅಚ್ಚು ತೆಗೆದು ಸಾವಿರಾರು ರೂಪಾಯಿಗೆ ಮಾಡಿಸುವುದು ಬೇಕಿಲ್ಲ. ಹೋಲಿಸಿ ನೋಡಿದ ಪ್ರಯೋಗಗಳಲ್ಲಿ ರೆಡಿಮೇಡ್‌ಗಿಂತ ಅದು ಮೇಲೆಂದು ಕಂಡಿಲ್ಲ. ಕ್ಲಾಸಿನಲ್ಲಿ ಒಂದೇ ಕಡೆ ನಿಂತಿರುವುದೇ ಹೆಚ್ಚು ಕಷ್ಟ. ಬೋರ್ಡ್ ಮೇಲೆ ಬರೆದು ಮುಗಿದ ಕೂಡಲೇ ಬೆಂಚುಗಳ ನಡುವೆ ಓಡಾಡಿ, ನೋಟ್ಸ್ ತಿದ್ದುವಾಗ ಕೂತುಕೊಳ್ಳಿ. ನಿಂತು ಪಾಠ ಮಾಡುವುದೇ ಶಿಸ್ತು ಎಂದುಕೊಂಡಿರುವ ಹೆಡ್‌ಮಾಸ್ಟರ್ ಆದರೆ ಒಂದು ಮೆಡಿಕಲ್ ಸರ್ಟಿಫಿಕೇಟ್ ಕೊಡಿ.

ಅತ್ತೆಯವರ ಎಕ್ಕದ ಎಲೆ. ಅವರು ಪ್ರೀತಿಯಿಂದ ಮಾಡುತ್ತಿದ್ದಾರೆ, ಶಾಖದಿಂದ ಹಿತವೂ ಆಗುತ್ತದೆ. ಆ ಹಿತ ಸ್ವಲ್ಪ ಹೊತ್ತಿನದು, ಪಟ್ಟಿ ಅದರಿಂದ ಗಟ್ಟಿಯಾಗುವುದಿಲ್ಲ. ಎರಡು ಎಚ್ಚರ ಇರಲಿ. ಎಕ್ಕದ ಹಾಲು ಚರ್ಮಕ್ಕೆ ತಾಗಿದರೆ ಉರಿ, ಗುಳ್ಳೆ ಬರಬಹುದು. ಕಣ್ಣಿಗೆ ತಾಗಿದರಂತೂ ಅಪಾಯ. ಇನ್ನೊಂದು, ನಿಮಗೆ ಶುಗರ್ ಬಾರ್ಡರ್‌ನಲ್ಲಿದೆ. ಶುಗರ್ ಇರುವವರ ಪಾದದಲ್ಲಿ ಸ್ಪರ್ಶ ನಿಧಾನಕ್ಕೆ ಕಡಿಮೆಯಾಗಬಹುದು, ಆಗ ಶಾಖಕ್ಕೆ ಸುಟ್ಟದ್ದೂ ಗೊತ್ತಾಗುವುದಿಲ್ಲ. ಹಿಮ್ಮಡಿ ನೋವಿಗೆಂದು ಶಾಖ ತೆಗೆದುಕೊಂಡು, ಸುಟ್ಟು, ಗಾಯ ತಿಂಗಳುಗಟ್ಟಲೆ ಒಣಗದೆ ಒದ್ದಾಡಿದವರನ್ನು ನೋಡಿದ್ದೇನೆ. ಕೊಡಲೇಬೇಕೆಂದರೆ ಬೆಚ್ಚಗಿನ ನೀರು ಸಾಕು, ಮೊದಲು ಮೊಣಕೈಯಿಂದ ಬಿಸಿ ನೋಡಿ. ಸಂಜೆ ನೋವು ಜಾಸ್ತಿ ಇರುವ ದಿನ ಸಣ್ಣ ಬಾಟಲಿಯಲ್ಲಿ ನೀರು ಹೆಪ್ಪುಗಟ್ಟಿಸಿ, ಬಟ್ಟೆ ಸುತ್ತಿ, ಅಂಗಾಲಿನ ಕೆಳಗೆ ಐದು ಹತ್ತು ನಿಮಿಷ ಉರುಳಿಸಿ. ಪಾದದಲ್ಲಿ ಜೋಮು ಇದ್ದರೆ ಇದೂ ಬೇಡ.

ಎರಡನೇ ಇಂಜೆಕ್ಷನ್ ಬಗ್ಗೆ ನಿಮ್ಮ ಡಾಕ್ಟರ ಜೊತೆಗೇ ಕೂತು ಮಾತಾಡಿ. ನನ್ನ ಅಭಿಪ್ರಾಯ ಕೇಳಿದರೆ ಈಗ ಬೇಡ. ಸ್ಟಿರಾಯ್ಡ್ ಇಂಜೆಕ್ಷನ್‌ನ ಆರಾಮ ಹೆಚ್ಚಾಗಿ ಒಂದು ತಿಂಗಳ ಆಸುಪಾಸಿನದು, ಅದು ನಿಮ್ಮ ಅನುಭವವೂ ಹೌದು. ಮತ್ತೆ ಮತ್ತೆ ತೆಗೆದುಕೊಂಡರೆ ಪಟ್ಟಿ ಹರಿಯುವ ಭಯ ಇದೆ. ಹಿಮ್ಮಡಿಯ ಕೆಳಗೆ ದಿಂಬಿನ ಹಾಗಿರುವ ಕೊಬ್ಬು ಕರಗಬಹುದು, ಅದು ಕರಗಿದರೆ ಮರಳಿ ತರುವುದು ಬಹಳ ಕಷ್ಟ. ಕೆಲವು ದಿನ ಶುಗರ್ ಕೂಡ ಏರುತ್ತದೆ. ಮೂರು ತಿಂಗಳು ಈ ವ್ಯಾಯಾಮಗಳನ್ನು ನಿಯತ್ತಿನಿಂದ ಮಾಡಿಯೂ ಇಳಿಯದಿದ್ದರೆ ಶಾಕ್‌ವೇವ್ ಚಿಕಿತ್ಸೆ ಇದೆ, ಯಂತ್ರದಿಂದ ಹಿಮ್ಮಡಿಗೆ ಒತ್ತಡದ ಅಲೆಗಳನ್ನು ಹಾಯಿಸುತ್ತಾರೆ. ಆಪರೇಷನ್ ಅದರ ಎಷ್ಟೋ ಆಚೆ. ತೂಕ ಇಳಿಸಿ ಎಂದು ಎಲ್ಲರೂ ಹೇಳಿಯೇ ಇರುತ್ತಾರೆ. ಇಳಿದರೆ ಹಿಮ್ಮಡಿಗೂ ಶುಗರ್‌ಗೂ ಒಳ್ಳೆಯದು. ತೂಕ ಇಳಿದ ಮೇಲೆ ವ್ಯಾಯಾಮ ಶುರು ಮಾಡುತ್ತೇನೆ ಎಂದು ಮಾತ್ರ ಕಾಯಬೇಡಿ.

ನೀವು ಬರೆದ ಲಕ್ಷಣಗಳು ಈ ಕಾಯಿಲೆಗೆ ಸರಿಯಾಗಿ ಹೊಂದುತ್ತವೆ. ಆದರೂ ಕೆಲವು ಗುರುತು ಕಂಡರೆ ತಡ ಮಾಡದೆ ಡಾಕ್ಟರಿಗೆ ತೋರಿಸಿ. ಮಲಗಿದಾಗಲೂ ನೋವು, ಪಾದದಲ್ಲಿ ಉರಿ, ಜುಮುಜುಮು. ಹಿಮ್ಮಡಿಯನ್ನು ಎರಡೂ ಬದಿಯಿಂದ ಅಂಗೈಯಲ್ಲಿ ಒತ್ತಿದರೆ ಜೀವ ಹೋಗುವಂಥ ನೋವು, ಅದು ಮೂಳೆಯಲ್ಲಿ ಸಣ್ಣ ಬಿರುಕಿರಬಹುದು. ನಡೆಯುವಾಗ 'ಟಪ್' ಎಂದು ಹರಿದ ಹಾಗಾಗಿ ಪಾದ ನೀಲಿಗಟ್ಟುವುದು. ಜ್ವರ, ಬಾವು. ಇದನ್ನು ಓದುತ್ತಿರುವ ಇಪ್ಪತ್ತು ಮೂವತ್ತರ ಹುಡುಗರಿಗೆ ಎರಡೂ ಹಿಮ್ಮಡಿ ನೋವು, ಜೊತೆಗೆ ಬೆಳಿಗ್ಗೆ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಸೊಂಟ ಹಿಡಿದುಕೊಳ್ಳುವುದು ಇದ್ದರೆ ಅದು ಬೇರೆಯೇ ಕಾಯಿಲೆ ಇರಬಹುದು, ಸಂಧಿವಾತದ ತಜ್ಞರು ನೋಡಬೇಕು.

ಕೊನೆಗೆ ಹರಕೆ. ಹಾಸನದಿಂದ ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿದು ಹೋಗುವುದೆಂದರೆ ನೂರು ಕಿಲೋಮೀಟರ್ ಮೀರುತ್ತದೆ. ದಿನಕ್ಕೆ ಮೂವತ್ತು ಕಿಲೋಮೀಟರ್‌ನಂತೆ ಸತತ ನಡಿಗೆ, ಅದರಲ್ಲೂ ಟಾರು ರಸ್ತೆ. ನಿಮ್ಮ ಈಗಿನ ಹಿಮ್ಮಡಿಗೆ ಅದು ಆಗುವ ಮಾತಲ್ಲ. ಶಿವರಾತ್ರಿಗೆ ಒಂದು ತಿಂಗಳಿರುವಾಗ ಮೂರು ವಿಷಯ ನೋಡಿಕೊಳ್ಳಿ. ಬೆಳಗಿನ ಅಂಕಿ ಎರಡು ವಾರದಿಂದ ಎರಡರೊಳಗೇ ಇದೆಯೇ? ನೋವಿರುವ ಒಂದೇ ಕಾಲಿನಲ್ಲಿ ಹನ್ನೆರಡು ಸಲ ನಿಧಾನಕ್ಕೆ ಹಿಮ್ಮಡಿ ಎತ್ತಲು ಆಗುತ್ತದೆಯೇ? ಶೂ ಹಾಕಿಕೊಂಡು ಹತ್ತು ಕಿಲೋಮೀಟರ್ ನಡೆದ ಮರುದಿನವೂ ಆ ಅಂಕಿ ಏರದೆ ಇದೆಯೇ? ಮೂರಕ್ಕೂ ಹೌದು ಎಂದಾದರೂ ಈ ವರ್ಷ ಪೂರ್ತಿ ದಾರಿ ನಡೆಯಿರಿ ಎಂದು ನಾನು ಹೇಳುವುದಿಲ್ಲ. ಉಜಿರೆಯವರೆಗೆ ಬಸ್ಸಿನಲ್ಲಿ ಹೋಗಿ. ಅಲ್ಲಿಂದ ಧರ್ಮಸ್ಥಳಕ್ಕೆ ಹತ್ತು ಕಿಲೋಮೀಟರ್‌ನ ಒಳಗೇ ಆಗುತ್ತದೆ, ನಿಮ್ಮ ಊರಿನ ತಂಡ ಅಲ್ಲಿಗೆ ಬಂದಾಗ ಜೊತೆ ಸೇರಿ ನಡೆಯಿರಿ. ಬರಿಗಾಲು ಬೇಡ, ದೇವಸ್ಥಾನದ ಹತ್ತಿರದವರೆಗೂ ಶೂ ಇರಲಿ. ನೇತ್ರಾವತಿಯಲ್ಲಿ ಸ್ನಾನ ಮಾಡಿ ಮೇಲೆ ಬಂದ ಕೂಡಲೇ ಮೆಟ್ಟಿಲ ಮೇಲೆ ಕೂತು, ಬೆರಳು ಎಳೆಯುವ ಆ ಹತ್ತು ಸಲದ್ದನ್ನು ಮುಗಿಸಿಯೇ ಏಳಿ.